1996ರ ಪೊಯಾಕ್: ಡಿಕ್ಯಾಂಟರ್ ಮೂಲೆಗಿಟ್ಟ ಮೇಲೆ

ಹಳೇ ಬೋರ್ಡೋ (ಫ್ರಾನ್ಸಿನ ಬೋರ್ಡೋ ಪ್ರದೇಶದ ಕೆಂಪು ವೈನ್) ಅಂದರೆ ಸಾಕು, 'ಎರಡು ಗಂಟೆ ಡಿಕ್ಯಾಂಟ್ ಮಾಡಿ', ಅಂದರೆ ಅಗಲ ಪಾತ್ರೆಗೆ ಸುರಿದು ಗಾಳಿಗೆ ಬಿಡಿ, ಅನ್ನುವವರೇ ಎಲ್ಲ. ಗಿರೋಂಡ್ ಅಳಿವೆಯ ಎಡದಂಡೆಯ 1996, ಕ್ಯಾಬರ್ನೆ ಸೋವಿನ್ಯೋಂ ದ್ರಾಕ್ಷಿ ಚೆನ್ನಾಗಿ ಬಲಿತ ವರ್ಷ. ಹಾಗಂತ ಈ ವಯಸ್ಸಿನಲ್ಲಿ ಅದನ್ನು ಅಗಲ ಪಾತ್ರೆಗೆ ಸುರಿದರೆ ತಡೆದೀತೇ? ಅದೇ ದಂಡೆಯ ಪೊಯಾಕ್ ಊರಿನ ನನ್ನ ಮೊದಲ ಎರಡು ಬಾಟಲಿ ಹಾಗೇ ಹೋದವು. ಹತ್ತು ನಿಮಿಷ ಸೀಡರ್, ಹೊಗೆಸೊಪ್ಪು, ಕೆತ್ತಿದ ಪೆನ್ಸಿಲ್ಲಿನ ಪರಿಮಳ; ಮುಕ್ಕಾಲು ಗಂಟೆಗೆ ಬರೀ ಹುಳಿನೀರು. ಒಂದಕ್ಕೆ ಸುಮಾರು 70 ಯೂರೋ, ಲೆಕ್ಕ ಹಾಕಿಕೊಳ್ಳಿ.

ಈಗ ಮಾಡುವುದು ಇಷ್ಟು. ಬಾಟಲಿ ಮೂರು ದಿನ ನೆಟ್ಟಗೆ ನಿಲ್ಲಬೇಕು, ಗಷ್ಟು ತಳಕ್ಕಿಳಿಯಲಿ. ಊಟಕ್ಕೆ ನಾಲ್ಕು ಗಂಟೆ ಮೊದಲು ಬಿರಡೆ ತೆಗೆದು, 40–50 ಮಿಲಿ ಗ್ಲಾಸಿಗೆ ಬಗ್ಗಿಸುತ್ತೇನೆ. ಕೆಟ್ಟಿದೆಯೇ ಎಂದು ಮೂಸಿ ನೋಡಿದಂತೆಯೂ ಆಯಿತು, ವೈನಿನ ಮಟ್ಟ ಕತ್ತಿನಿಂದ ಭುಜಕ್ಕೆ ಇಳಿದಂತೆಯೂ ಆಯಿತು. ಆಮೇಲೆ ಮುಚ್ಚದೆ ತಂಪಿನಲ್ಲಿ ಬಿಡುವುದು, ಅಲ್ಲಾಡಿಸುವುದಿಲ್ಲ. ಮುಗ್ಗಲು ವಾಸನೆ ಹಾರುತ್ತದೆ, ಹಣ್ಣಿನ ಅಂಶ ಉಳಿಯುತ್ತದೆ. 'ಅಷ್ಟು ಚಿಕ್ಕ ಬಾಯಲ್ಲಿ ಏನು ಗಾಳಿಯಾಡುತ್ತೆ' ಎಂದು ನಕ್ಕವರೇ ಕಳೆದ ಬಾಟಲಿಯಲ್ಲಿ ಎರಡನೇ ಗ್ಲಾಸ್ ಕೇಳಿದರು.

ಬಿರಡೆಯೇ ದೊಡ್ಡ ತಲೆನೋವು. ಮಾಮೂಲಿ ಸ್ಕ್ರೂ ಹಾಕಿದರೆ ನಡುಭಾಗ ಮಾತ್ರ ಕಿತ್ತು ಬರುತ್ತದೆ, ಅಂಚು ಗಾಜಿಗೇ ಅಂಟಿರುತ್ತದೆ. ಬಿರಡೆಗೂ ಗಾಜಿಗೂ ನಡುವೆ ಇಳಿಯುವ ಎರಡು ಕಾಲಿನ ಆ-ಸೋ ಬಳಸಿ: ಉದ್ದ ಕಾಲು ಮೊದಲು, ಆಚೀಚೆ ತೂಗುತ್ತಾ ಇಳಿಸಿ, ತಿರುಗಿಸುತ್ತಲೇ ಎಳೆಯಿರಿ. ಬಿರಡೆ ಸಡಿಲವಿದ್ದರೆ ಒತ್ತಿದ ತಕ್ಷಣ ಒಳಗೆ ಬೀಳುತ್ತದೆ. ಅದಕ್ಕೆ ಸ್ಕ್ರೂ, ಆ-ಸೋ ಎರಡನ್ನೂ ಜೋಡಿಸುವ ಕೈಚಳಕ ಒಂದಿದೆ. ಅದು ನನ್ನಲ್ಲೇ ಇರಲಿ.

ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿದ್ದೂ ಉಂಟು, ವೈನಿಗೆ ಕಾಗದದ ರುಚಿ ಹತ್ತಿತು. ಬಡಿಸುವಾಗ ಮೊಬೈಲ್ ಟಾರ್ಚನ್ನು ಕತ್ತಿನ ಕೆಳಗಿಟ್ಟು ಒಂದೇ ಓಟದಲ್ಲಿ ಗ್ಲಾಸುಗಳಿಗೆ ಬಗ್ಗಿಸಿ, ಗಷ್ಟು ಕಂಡೊಡನೆ ನಿಲ್ಲಿಸಿದರೆ ಸಾಕು. ಬಿಸಿಯ ವಿಚಾರ: 'ಕೋಣೆಯ ಉಷ್ಣಾಂಶ' ಅಂದರೆ ಯುರೋಪಿನ ಕಲ್ಲುಮನೆಯದು, ಬೆಂಗಳೂರಿನ 27–28 ಡಿಗ್ರಿ ಅಲ್ಲ. 16ಕ್ಕೆ ಬಡಿಸಿ, ಗ್ಲಾಸಿನಲ್ಲಿ ತಾನೇ 18ಕ್ಕೆ ಏರುತ್ತದೆ.

ಊಟಕ್ಕೆ ಪೊಯಾಕ್‌ನವರದೇ ದಾರಿ: ಎಳೆ ಕುರಿಮರಿ. ಉಪ್ಪು, ಬೆಳ್ಳುಳ್ಳಿ, ಥೈಮ್ ಬಿಟ್ಟು ಬೇರೇನೂ ಬೇಡ. ಒಳಗೆ 57 ಡಿಗ್ರಿ ಆಸುಪಾಸು, ಗುಲಾಬಿ ಬಣ್ಣ. ಪುದೀನ ಸಾಸ್ ಬೇಡ, ಅದರ ವಿನಿಗರ್ ವೈನನ್ನು ಕೊಲ್ಲುತ್ತದೆ. ಇದ್ದಿಲ ಮೇಲೆ ಕಪ್ಪಗೆ ಸುಟ್ಟ ದಪ್ಪ ಸ್ಟೇಕನ್ನು ಎಳೆಯ ವೈನಿಗೆ ಬಿಡಿ. ಈ ಹಳೇ ವೈನಿನಲ್ಲಿ ಟ್ಯಾನಿನ್ (ಬಾಯಿ ಒಗರು ಮಾಡುವ ಅಂಶ) ಆಗಲೇ ಮೆತ್ತಗಾಗಿದೆ, ಮಾಂಸವೇ ಗೆಲ್ಲುತ್ತದೆ. ಬೆಣ್ಣೆಯಲ್ಲಿ ಹುರಿದ ಅಣಬೆ ಚೆನ್ನಾಗಿ ಹೊಂದುತ್ತದೆ, ಎರಡರಲ್ಲೂ ಮಳೆಗಾಲದ ಕಾಡಿನ ನೆಲದ ಘಮ. ಚೀಸ್‌ನಲ್ಲಿ ಬೋರ್ಡೋ ಜನ ಮೆಚ್ಚುವ ಹಳೇ ಮಿಮೊಲೆಟ್, 18 ತಿಂಗಳದ್ದು. ಬ್ರೀ ಜೊತೆ ಮಾತ್ರ ಬಾಯಿ ಕಹಿಯಾಯಿತು.

ಪಂದಿಕರಿ ಜೊತೆಗೂ ನೋಡಿದೆ, ವೈನ್ ಮಾಯ! ತಪ್ಪು ಪಂದಿಯದಲ್ಲ, ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಮತ್ತು ಕಾಳುಮೆಣಸಿನದು. ಎರಡನ್ನೂ ಬಿಟ್ಟು ಬರೀ ಕೊಬ್ಬಿನಲ್ಲಿ ಹುರಿದ ತುಂಡು ಪರವಾಗಿಲ್ಲ ಅನ್ನಿಸಿತು. ಕೊಡಗಿನವರಿಗೆ ಇದನ್ನು ಹೇಳಬೇಡಿ.

ವಿಮಾನದಲ್ಲಿ ತರುವವರಿಗೆ ಸುಂಕವಿಲ್ಲದೆ ಎರಡು ಲೀಟರ್, ಅಂದರೆ 750 ಮಿಲಿಯ ಎರಡೇ ಬಾಟಲಿ. ತಂದ ಮೇಲೆ ತಿಂಗಳಾದರೂ ಮಲಗಿಸಿಟ್ಟು, ಆಮೇಲೆ ನಿಲ್ಲಿಸಿ.