ಅಮ್ಮನ ಫೋನಿಗೆ ಬಂದ ಲಗ್ನಪತ್ರಿಕೆ

ಸಂಬಂಧಿಕರೊಬ್ಬರ ವಾಟ್ಸಾಪ್‌ನಿಂದ ಅಮ್ಮನಿಗೆ ಲಗ್ನಪತ್ರಿಕೆ ಎಂಬ ಹೆಸರಿನ ಫೈಲೊಂದು ಬಂದಿತ್ತು. ನಿಜವಾದ ಪತ್ರಿಕೆಯಾಗಿದ್ದರೆ ಅದು ಚಿತ್ರವೋ ಪಿಡಿಎಫೋ ಆಗಿರುತ್ತಿತ್ತು. ಇದರ ಹೆಸರು ಎಪಿಕೆ ಎಂದು ಕೊನೆಗೊಂಡಿತ್ತು, ಅಂದರೆ ಅದೊಂದು ಆ್ಯಪ್. ಅಮ್ಮ ಅದನ್ನು ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ಕೊಟ್ಟು, ಪತ್ರಿಕೆ ತೆರೆಯುತ್ತಿಲ್ಲವೆಂದು ನನಗೆ ಕರೆ ಮಾಡಿದರು.

ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ಕೆಲಸ ನನ್ನದಾದ್ದರಿಂದ ಇಂಥ ಆ್ಯಪ್‌ಗಳ ದಾರಿ ಗೊತ್ತಿತ್ತು: ಎಸ್‌ಎಂಎಸ್ ಓದುವ ಅನುಮತಿ ಸಿಕ್ಕರೆ ಅವು ಬ್ಯಾಂಕಿನ ಒಟಿಪಿಯನ್ನು ಕದ್ದು ವಂಚಕರಿಗೆ ಕಳಿಸುತ್ತವೆ. ಕೂಡಲೇ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ಸಿಮ್ ಹೊರತೆಗೆಯಲು ಹೇಳಿದೆ. ಪಕ್ಕದ ಮನೆಯವರ ಫೋನಿನಿಂದ ಅಮ್ಮನೇ ಬ್ಯಾಂಕಿಗೆ ಕರೆ ಮಾಡಿ ಯುಪಿಐ ಮತ್ತು ನೆಟ್ ಬ್ಯಾಂಕಿಂಗ್ ನಿಲ್ಲಿಸಿದರು. ಹಣ ಹೋಗಿರಲಿಲ್ಲ. ಹೋಗಿದ್ದರೆ ಒಂದು ಕ್ಷಣವೂ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸುತ್ತಿದ್ದೆ, ಏಕೆಂದರೆ ಹಣ ಇನ್ನೊಂದು ಖಾತೆಗೆ ದಾಟುವ ಮೊದಲೇ ಅದನ್ನು ತಡೆಯಬೇಕಾಗುತ್ತದೆ.

ಸಂಜೆ ಊರಿಗೆ ಹೋಗಿ ನೋಡಿದಾಗ ಪರದೆಯ ಮೇಲೆ ಆ ಆ್ಯಪ್‌ನ ಗುರುತೇ ಇರಲಿಲ್ಲ. ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಸಿಕ್ಕಿತಾದರೂ ಫೋನನ್ನೇ ನಿಯಂತ್ರಿಸುವ ಡಿವೈಸ್ ಅಡ್ಮಿನ್ ಅಧಿಕಾರ ಪಡೆದಿದ್ದರಿಂದ ಅಳಿಸಲು ಬಿಡಲಿಲ್ಲ. ಮೊದಲು ಆ ಅಧಿಕಾರ ಕಿತ್ತು, ನಂತರ ಆ್ಯಪ್ ತೆಗೆದು, ಫೋಟೊಗಳನ್ನು ಮಾತ್ರ ಬೇರೆಡೆಗೆ ನಕಲು ಮಾಡಿ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿದೆ. ಸಿಮ್ ಹಾಕಿದ ಮೇಲೆ *#21# ಒತ್ತಿ, ಕರೆಗಳು ಬೇರೆ ಸಂಖ್ಯೆಗೆ ತಿರುಗುತ್ತಿಲ್ಲವೆಂದು ಖಚಿತಪಡಿಸಿಕೊಂಡೆ. ವಾಟ್ಸಾಪ್‌ಗೆ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟೆ. ಪತ್ರಿಕೆ ಕಳಿಸಿದ ಸಂಬಂಧಿಕರನ್ನು ಮಾಮೂಲಿ ಕರೆಯಲ್ಲೇ ವಿಚಾರಿಸಿದಾಗ, ಅವರ ಮನೆಯಲ್ಲಿ ಮದುವೆಯೇ ಇರಲಿಲ್ಲ. ಅವರ ವಾಟ್ಸಾಪ್ ಆಗಲೇ ಬೇರೆಯವರ ಕೈ ಸೇರಿತ್ತು.

ಇಷ್ಟಕ್ಕೇ ನಿಲ್ಲಿಸಲು ನನಗೆ ಮನಸ್ಸಾಗಲಿಲ್ಲ. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚು ಮತ್ತು ಆಧಾರ್ ಸಂಖ್ಯೆ ಬಳಸಿ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದಿದ್ದವು. ಆಧಾರ್ ಮೂಲಕ ಹಣ ತೆಗೆಯಲು ಆಧಾರ್ ಸಂಖ್ಯೆಯ ಜೊತೆ ಬೆರಳಚ್ಚು ಬೇಕು, ಒಟಿಪಿಯ ಅಗತ್ಯವೇ ಇಲ್ಲ. ನಮ್ಮ ಮನೆಯ ಪತ್ರದಲ್ಲೂ ಅಮ್ಮನ ಹೆಬ್ಬೆಟ್ಟಿನ ಗುರುತಿದೆ. ಹೀಗಾಗಿ ಎಂ-ಆಧಾರ್ ಆ್ಯಪ್‌ನಲ್ಲಿ ಅವರ ಬಯೋಮೆಟ್ರಿಕ್ ಲಾಕ್ ಮಾಡಿದೆ, ಅಂದರೆ ಅವರ ಬೆರಳಚ್ಚು ಎಲ್ಲಿಯೂ ಆಧಾರ್ ಗುರುತಾಗಿ ನಡೆಯದಂತೆ ಬೀಗ ಹಾಕಿದೆ.

ಆದರೆ ಒಂದು ವಿಷಯವನ್ನು ನಾನು ಯೋಚಿಸಿರಲಿಲ್ಲ. ಮುಂದಿನ ತಿಂಗಳು ನ್ಯಾಯಬೆಲೆ ಅಂಗಡಿಯ ಯಂತ್ರ ಅಮ್ಮನ ಬೆರಳನ್ನು ಒಪ್ಪಲಿಲ್ಲ, ಅಕ್ಕಿಯಿಲ್ಲದೆ ಬರಿಗೈಯಲ್ಲಿ ವಾಪಸಾದರು. ಅವರ ಅಷ್ಟು ದೂರದ ನಡಿಗೆ ವ್ಯರ್ಥವಾದದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ತಾತ್ಕಾಲಿಕವಾಗಿ ತೆರೆದರೆ ಲಾಕ್ 10 ನಿಮಿಷದ ನಂತರ ಮತ್ತೆ ತಾನಾಗಿ ಬೀಳುತ್ತದೆ ಎಂಬುದನ್ನು ಮೂರು ಸಲ ಮಾಡಿ ತೋರಿಸಿದೆ. ಈಗ ಸರದಿಯಲ್ಲಿ ಮುಂದೆ ಇಬ್ಬರು ಉಳಿದಾಗ ಅಮ್ಮ ಫೋನು ತೆಗೆದು ಲಾಕ್ ತೆರೆಯುತ್ತಾರೆ, ಹೆಬ್ಬೆಟ್ಟು ಒತ್ತಿ ಅಕ್ಕಿ ತರುತ್ತಾರೆ.