ನನ್ನ ಹಾವುಗಳಿಗೆ ಅಡಗುತಾಣ ಆರಿಸಿದ ಬಗೆ

ಸಾಕುಹಾವಿಗೆ ಅಡಗುತಾಣ ಆರಿಸುವಾಗ ನಾನು ಮೊದಲು ನೋಡುವುದು ಎರಡು ಸಂಗತಿ. ಸುತ್ತಿಕೊಂಡು ಕೂತಾಗ ಹಾವಿನ ಮೈ ಒಳಗಿನ ಗೋಡೆಗೆ ತಾಗಬೇಕು. ಆ ಜಾಗದ ಬಿಸಿ ಅದಕ್ಕೆ ಹಿತವಾಗಿರಬೇಕು. ಬಣ್ಣ, ಅಂದ, ಗುಹೆಯಂಥ ಆಕಾರ ಎಲ್ಲ ನೋಡುವ ನಮಗೆ. ಹಾವಿಗೆ ಬೇಕಾಗಿರುವುದು ಇಕ್ಕಟ್ಟು, ಕತ್ತಲೆ ಮತ್ತು ಸರಿಯಾದ ಬಿಸಿ.

ನಾನಿರುವುದು ಚಿತ್ರದುರ್ಗದಲ್ಲಿ. ಮನೆಯಲ್ಲಿ ಒಂದು ಬಾಲ್ ಪೈಥಾನ್, ಒಂದು ಕಾರ್ನ್ ಸ್ನೇಕ್ ಇವೆ. ಎರಡಕ್ಕೂ ಬೇರೆ ಬೇರೆ ಟ್ಯಾಂಕ್, ಅಂದರೆ ಹಾವು ಇಡುವ ಪೆಟ್ಟಿಗೆ. ಎರಡು ಹಾವನ್ನು ಒಂದೇ ಕಡೆ ಬಿಡುವುದು ಬೇಡವೇ ಬೇಡ.

ಮುಂದೆ ಹೋಗುವ ಮುಂಚೆ ಕಾನೂನಿನ ಮಾತು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಾವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ನಾಗರ, ಕೆರೆಹಾವು, ಹೆಬ್ಬಾವು, ಜನ ಎರಡು ತಲೆ ಹಾವು ಅಂತ ಕರೆಯುವ ಮಣ್ಣುಮುಕ್ಕ, ಇವೆಲ್ಲಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಬಾಲ್ ಪೈಥಾನ್ ಆಫ್ರಿಕಾದ್ದು. ಆದರೂ ಅದು ಕಾಡುಪ್ರಾಣಿ, ಗಿಡಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅನ್ನುವ ಅಂತರರಾಷ್ಟ್ರೀಯ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. ಹಾಗಾಗಿ 2022ರಲ್ಲಿ ಕಾಯ್ದೆಗೆ ತಿದ್ದುಪಡಿಯಾದ ಮೇಲೆ, 2024ರ ನಿಯಮದ ಪ್ರಕಾರ ಅದನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಗದಪತ್ರ ಸರಿಯಿಲ್ಲದ ಹಾವನ್ನು ದಯವಿಟ್ಟು ತರಬೇಡಿ.

ಇಕ್ಕಟ್ಟು ಯಾಕೆ ಬೇಕು ಅನ್ನುವುದು ನನಗೆ ಚೆನ್ನಾಗಿ ಮನದಟ್ಟಾಗಿದ್ದು ನಮ್ಮ ಕೋಟೆಯಲ್ಲಿ ಓಡಾಡುವಾಗ. ಏಳುಸುತ್ತಿನ ಕೋಟೆಯ ಬಂಡೆಗಳ ನಡುವೆ ಆಳು ನುಗ್ಗುವಷ್ಟು ದೊಡ್ಡ ಪೊಟರೆಗಳೂ ಇವೆ, ಬೆರಳು ತೂರುವಷ್ಟೇ ಇರುವ ಬಿರುಕುಗಳೂ ಇವೆ. ಹಾವು ಬಿಟ್ಟುಹೋದ ಪೊರೆ ನನ್ನ ಕಣ್ಣಿಗೆ ಬಿದ್ದಿದ್ದೆಲ್ಲ ಸಣ್ಣ ಬಿರುಕುಗಳಲ್ಲೇ. ಬಂಡೆ ಮೇಲೆ ಬಿಸಿಲು ಕಾಯಿಸುವ ಓತಿಕ್ಯಾತ ಕೂಡ ಹೆದರಿದಾಗ ಓಡಿಹೋಗಿ ಸೇರುವುದು ಅಂಥ ಸಂದಿಗೇ. ದೊಡ್ಡ ಪೊಟರೆಗೆ ಬೆಕ್ಕು, ಮುಂಗುಸಿ ಕೂಡ ನುಗ್ಗಬಹುದು ಅಲ್ವಾ? ಮೈಗೆ ಒತ್ತಿಕೊಂಡಿರುವ ಸಂದಿಯೊಳಗೆ ಇನ್ಯಾರೂ ಬರಲು ಜಾಗವೇ ಇರುವುದಿಲ್ಲ. ಬಾಲ್ ಪೈಥಾನ್ ತನ್ನ ನಾಡಿನಲ್ಲಿ ಇಲಿ ಬಿಲದಲ್ಲೋ ಖಾಲಿ ಹುತ್ತದಲ್ಲೋ ಹಗಲು ಕಳೆಯುತ್ತದೆ. ಹೆದರಿದರೆ ತಲೆಯನ್ನು ನಡುವೆ ಇಟ್ಟು ಚೆಂಡಿನ ಹಾಗೆ ಸುತ್ತಿಕೊಳ್ಳುತ್ತದೆ. ಅದರ ಹೆಸರು ಬಂದಿದ್ದೇ ಹಾಗೆ. ಇಂಥ ಪ್ರಾಣಿಗೆ ಅಗಲವಾದ ಜಾಗ ಕೊಟ್ಟರೆ ಅದು ಬಯಲಿನಲ್ಲಿ ಬಿಟ್ಟಂತೆಯೇ.

ಅಳತೆ ತೆಗೆಯುವುದು ಸುಲಭ. ಹಾವು ನೆಮ್ಮದಿಯಾಗಿ ಸುತ್ತಿಕೊಂಡು ಮಲಗಿದಾಗ ಆ ಸುತ್ತಿನ ಅಗಲ ನೋಡಿ. ಒಳಗಿನ ಅಗಲ ಅದಕ್ಕಿಂತ ಒಂದಿಂಚು ಜಾಸ್ತಿ ಇದ್ದರೆ ಸಾಕು. ಎತ್ತರ ಇನ್ನೂ ಮುಖ್ಯ. ಬೆನ್ನು ಚಾವಣಿಗೆ ತಾಗುವ ಹಾಗಿರಬೇಕು. ನನ್ನ ಪೈಥಾನ್ ನಾಲ್ಕು ಅಡಿ ಹತ್ತಿರ ಇದೆ. ಅದಕ್ಕೆ ಒಂಬತ್ತಿಂಚು ಅಗಲ, ನಾಲ್ಕಿಂಚು ಎತ್ತರದ ಒಳಜಾಗ ಸರಿಹೋಗಿದೆ. ಬಾಗಿಲು ಮಾತ್ರ ತೀರಾ ಬಿಗಿ ಇರಬಾರದು. ಊಟವಾದ ಮೇಲೆ ಹಾವಿನ ಹೊಟ್ಟೆ ಉಬ್ಬುತ್ತದೆ. ಆ ಉಬ್ಬಿದ ಹೊಟ್ಟೆಯ ಒಂದೂವರೆ ಪಟ್ಟು ಅಗಲದ ಬಾಗಿಲು ಬಿಡುತ್ತೇನೆ.

ಪೇಟೆಯಲ್ಲಿ ಸಿಗುವ ರೆಸಿನ್ ಗುಹೆಗಳು ನನಗೆ ಹಿಡಿಸಲಿಲ್ಲ. ದುಬಾರಿ, ಒಳಗೆ ಎತ್ತರ ಜಾಸ್ತಿ, ಬಾಗಿಲಂತೂ ಬಾಯಿ ತೆರೆದಂತೆ ಇರುತ್ತದೆ. ನಾನು ಕುಂಬಾರರ ಹತ್ತಿರ ಹೋದೆ. ಮಡಕೆ ಮಾಡುವ ಅಜ್ಜಿ ಮೊದಲು ಕೇಳಿದ್ದೇ, "ಯಾತಕ್ಕಪ್ಪಾ ಇದು, ಕೋಳಿ ಮರಿಗಾ?" ಅಂತ. ಹಾವಿಗೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರೆ ಅಂಚು ಕುಯ್ಯಬಾರದು, ಹಸಿ ಇದ್ದಾಗಲೇ ಬಾಗಿಲು ಕೊಯ್ದು ಒದ್ದೆ ಬಟ್ಟೆಯಲ್ಲಿ ತೀಡಿ ಕೊಡ್ತೀನಿ" ಅಂದರು. ನಾನು ಕೇಳಬೇಕು ಅಂದುಕೊಂಡಿದ್ದನ್ನು ಅವರೇ ಹೇಳಿದ್ದರು! ಸುಟ್ಟ ಮಡಕೆಯನ್ನು ಆಮೇಲೆ ಒಡೆದು ಬಾಗಿಲು ಮಾಡಿದರೆ ಅಂಚು ಗಾಜಿನಷ್ಟೇ ಹರಿತ. ಉಜ್ಜುಕಾಗದದಲ್ಲಿ ಎಷ್ಟು ತಿಕ್ಕಿದರೂ ಒಂದು ಚೂಪು ಉಳಿದಿರುತ್ತದೆ. ಹಸಿಯಲ್ಲಿ ಕೊಯ್ದರೆ ಆ ತೊಂದರೆಯೇ ಇಲ್ಲ. ಬಾಯಗಲದ ತಗ್ಗು ಮಡಕೆ, ಬೋರಲು ಹಾಕಿದರೆ ಅಂಚು ನೆಲಕ್ಕೆ ಸಮನಾಗಿ ಕೂರಬೇಕು, ತಳದಲ್ಲಿ ತೂತು ಇರಬಾರದು, ಬಣ್ಣ ಬಳಿದಿರಬಾರದು. ಇಷ್ಟು ಹೇಳಿ ಒಂದೇ ಅಳತೆಯವು ಮಾಡಿಸಿಕೊಂಡು ಬಂದೆ.

ತಳದ ತೂತಿನ ಬಗ್ಗೆ ಒತ್ತಿ ಹೇಳುತ್ತೇನೆ. ಅನೇಕರು ಹೂವಿನ ಕುಂಡ ಬೋರಲು ಹಾಕುತ್ತಾರೆ. ಅದರ ತೂತಿನಲ್ಲಿ ಹಾವು ತಲೆ ತೂರಿಸುತ್ತದೆ, ಅರ್ಧ ಮೈ ಹೋದ ಮೇಲೆ ಮುಂದಕ್ಕೂ ಆಗದೆ ಹಿಂದಕ್ಕೂ ಆಗದೆ ಸಿಕ್ಕಿಕೊಳ್ಳುತ್ತದೆ. ಕುಂಡವನ್ನೇ ಬಳಸುವುದಾದರೆ ತೂತು ಪೂರ್ತಿ ಮುಚ್ಚಿ. ಇಲ್ಲವೇ ಬೇರೆ ನೋಡಿ.

ಒಂದೇ ಅಳತೆಯವು ಯಾಕೆ ಅಂದರೆ, ಒಂದು ಟ್ಯಾಂಕಿಗೆ ಕನಿಷ್ಠ ಎರಡು ಅಡಗುತಾಣ ಬೇಕು. ಒಂದು ಬೆಚ್ಚಗಿನ ಕಡೆ, ಇನ್ನೊಂದು ತಣ್ಣಗಿನ ಕಡೆ. ಹಾವಿನ ಮೈಬಿಸಿ ಸುತ್ತಲಿನ ಬಿಸಿಯನ್ನೇ ನಂಬಿಕೊಂಡಿದೆ. ಊಟ ಅರಗಿಸಲು ಬೆಚ್ಚಗಿನ ಕಡೆ ಬರುತ್ತದೆ, ಸಾಕಾದಾಗ ತಣ್ಣಗಿನ ಕಡೆ ಹೋಗುತ್ತದೆ. ಬೆಚ್ಚಗಿನ ಕಡೆ ಮಾತ್ರ ಅಡಗುವ ಜಾಗ ಇದ್ದರೆ, ಸೆಕೆಯಾದರೂ ಹಾವು ಅಲ್ಲೇ ಕೂತಿರುತ್ತದೆ. ಬಯಲಿಗೆ ಬರುವ ಹೆದರಿಕೆ ಅಷ್ಟು ದೊಡ್ಡದು. ಎರಡೂ ಕಡೆ ಒಂದೇ ಥರದ ಮಡಕೆ ಇಟ್ಟರೆ ಹಾವು ಬಿಸಿ ನೋಡಿಯೇ ಜಾಗ ಆರಿಸುತ್ತದೆ. ಆಗ ಅದು ಎಲ್ಲಿ ಕೂತಿದೆ ಅನ್ನುವುದರಿಂದಲೇ ನಮಗೆ ವಿಷಯ ತಿಳಿಯುತ್ತದೆ. ಬಾಗಿಲುಗಳನ್ನು ನಾವು ಓಡಾಡುವ ಕಡೆಗೆ ಇಡದೆ ಪಕ್ಕದ ಗೋಡೆಯ ಕಡೆ ತಿರುಗಿಸಿದ್ದೇನೆ.

ಬೆಚ್ಚಗಿನ ಮಡಕೆಯ ಒಳಗಿನ ನೆಲ ಪೈಥಾನಿಗೆ 31ರಿಂದ 32 ಡಿಗ್ರಿ ಇರಬೇಕು, ತಣ್ಣಗಿನ ಕಡೆ 25ರಿಂದ 27. ಕಾರ್ನ್ ಸ್ನೇಕಿಗೆ ಎರಡೂ ಕಡೆ ಒಂದೆರಡು ಡಿಗ್ರಿ ಕಡಿಮೆಯೇ ಇರಲಿ. ಅಳೆಯುವುದು ಮಡಕೆಯ ಒಳಗೆ, ಟ್ಯಾಂಕಿನ ಗಾಳಿಯಲ್ಲಿ ಅಲ್ಲ. ಹೀಟ್ ಮ್ಯಾಟ್ (ಕರೆಂಟಿನಿಂದ ಬಿಸಿಯಾಗುವ ಹಾಸು) ಟ್ಯಾಂಕಿನ ಅಡಿಯಲ್ಲಿ ಹೊರಗಡೆ ಇದೆ, ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಇಲ್ಲದೆ ಅದನ್ನು ಹಾಕುವುದೇ ಇಲ್ಲ. ಒಳಗೆ ಇಡುವ ಕರೆಂಟಿನ ಬಿಸಿಕಲ್ಲು ಹಾವಿನ ಹೊಟ್ಟೆ ಸುಡುತ್ತದೆ, ಅದನ್ನು ನಾನು ತಂದಿಲ್ಲ. ಟೇಪ್ ಕೂಡ ಒಳಗೆ ಎಲ್ಲೂ ಹಚ್ಚುವುದಿಲ್ಲ. ಅಂಟು ಚರ್ಮಕ್ಕೆ ಹಿಡಿದರೆ ಬಿಡಿಸುವುದು ಬಲು ಕಷ್ಟ.

ಇವೆಲ್ಲ ಎಲ್ಲ ಊರಿನಲ್ಲೂ ನಡೆಯುವ ಮಾತು. ದುರ್ಗದ ಬೇಸಿಗೆಯದೇ ಬೇರೆ ಕಥೆ. ಏಪ್ರಿಲ್‌ನಲ್ಲಿ ಕೋಣೆಯೇ 36 ಡಿಗ್ರಿ ದಾಟುತ್ತದೆ. ಹೊರದೇಶದ ಪುಸ್ತಕಗಳು ಬಿಸಿ ಕೊಡುವುದನ್ನು ಹೇಳಿಕೊಡುತ್ತವೆ, ನಮಗೆ ಬೇಕಾಗಿರುವುದು ತಣ್ಣಗಿಡುವುದು. ಇಲ್ಲಿ ಮಡಕೆ ನನ್ನ ಕೈ ಹಿಡಿಯಿತು. ಹೀಟ್ ಮ್ಯಾಟ್ ಬಂದ್ ಮಾಡಿ, ಟ್ಯಾಂಕನ್ನು ಬಿಸಿಲು ಬೀಳದ ಒಳಕೋಣೆಯ ನೆಲಕ್ಕೆ ಇಳಿಸುತ್ತೇನೆ. ಒಂದು ಮಡಕೆಯನ್ನು ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿ, ನೀರು ಸೋರಿದ ಮೇಲೆ ತಣ್ಣಗಿನ ಕಡೆ ಬೋರಲು ಹಾಕುತ್ತೇನೆ. ಮಣ್ಣು ಕುಡಿದ ನೀರು ಹೊರಮೈಯಿಂದ ಆವಿಯಾಗುತ್ತಾ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಒಳಗಿಟ್ಟ ಮೀಟರ್ ಕೋಣೆಗಿಂತ ಮೂರು ನಾಲ್ಕು ಡಿಗ್ರಿ ಕಡಿಮೆ ತೋರಿಸುತ್ತದೆ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ನಮ್ಮ ಒಣಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಆದರೆ ಟ್ಯಾಂಕಿನ ಮುಚ್ಚಳ ಜಾಲರಿಯದ್ದಾಗಿರಬೇಕು, ಕೋಣೆಯಲ್ಲಿ ಫ್ಯಾನ್ ತಿರುಗುತ್ತಿರಬೇಕು. ಗಾಳಿ ಆಡದಿದ್ದರೆ ತಂಪಾಗುವುದಿಲ್ಲ, ಒಳಗೆ ಬರೀ ತೇವ ತುಂಬುತ್ತದೆ.

ತೇವ ಮಡಕೆಗಷ್ಟೇ ಇರಲಿ, ಹಾವಿನ ಹೊಟ್ಟೆ ಕೆಳಗೆ ಬೇಡ. ನೆಲ ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಹಾಗಾಗಿ ಮಡಕೆ ಕೆಳಗೆ ಒಣ ಪೇಪರ್ ಹಾಕಿ, ನೆನೆದಾಗಲೆಲ್ಲ ಬದಲಿಸುತ್ತೇನೆ. ಮಳೆಗಾಲ ಶುರುವಾಗಿ ಗಾಳಿ ತೇವ ಆದಮೇಲೆ ಈ ಉಪಾಯ ನಿಲ್ಲಿಸಿಬಿಡುತ್ತೇನೆ.

ಇದೇ ಒಣಗಾಳಿಯಿಂದ ತೊಂದರೆಯೂ ಇದೆ. ಪೊರೆ ಬಿಡುವ ಹೊತ್ತಿಗೆ ತೇವ ಸಾಲದೆ ಪೊರೆ ಚೂರುಚೂರಾಗಿ ಕಿತ್ತು ಬರುತ್ತದೆ. ಕಣ್ಣಿನ ಮೇಲೆ, ಬಾಲದ ತುದಿಯಲ್ಲಿ ಉಳಿದುಬಿಡುತ್ತದೆ. ಹಾವಿನ ಕಣ್ಣು ನೀಲಿ ಹಾಲಿನ ಬಣ್ಣಕ್ಕೆ ತಿರುಗಿತು ಅಂದರೆ ನಾನು ಮೂರನೇ ಅಡಗುತಾಣ ಇಡುತ್ತೇನೆ. ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬಿ, ಪಕ್ಕದಲ್ಲಿ ದುಂಡಗೆ ಕೊರೆದು ಅಂಚು ತಿಕ್ಕಿದ ಬಾಗಿಲು, ಒಳಗೆ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ. ಹೊಸದುರ್ಗ, ಹಿರಿಯೂರು ಕಡೆ ತೆಂಗು ಬೆಳೆಯುವುದರಿಂದ ನಾರಿನ ಪುಡಿಗೆ ಬರವಿಲ್ಲ. ಮುಷ್ಟಿಯಲ್ಲಿ ಹಿಂಡಿದರೆ ಹನಿ ಬೀಳಬಾರದು, ಅಷ್ಟು ತೇವ ಸಾಕು. ಪೊರೆ ಬಿಟ್ಟ ಮೇಲೆ ಡಬ್ಬಿ ಹೊರಗೆ.

ಕಾರ್ನ್ ಸ್ನೇಕಿನ ಸ್ವಭಾವವೇ ಬೇರೆ. ಅಮೆರಿಕದ ಆಗ್ನೇಯ ಭಾಗದ ಈ ಹಾವು ತೆಳ್ಳಗೆ, ಚುರುಕು. ಸಡಿಲ ತೊಗಟೆಯ ಕೆಳಗೆ, ಚಪ್ಪಟೆ ಸಂದಿಗಳಲ್ಲಿ ನುಸುಳುವುದು ಅದಕ್ಕೆ ಇಷ್ಟ. ಮಡಕೆ ಕೊಟ್ಟರೂ ಅದು ಮಡಕೆಯ ಅಡಿಗೆ ಹೋಗಲು ನೋಡುತ್ತಿತ್ತು. ಅದಕ್ಕೆ ನಾನು ಅಡಿಕೆ ಹಾಳೆ ತಂದೆ. ಭೀಮಸಮುದ್ರದ ತೋಟದಲ್ಲಿ ಬಿದ್ದ ಒಣ ಹಾಳೆಗಳು, ಔಷಧಿ ಹೊಡೆಯದ ತೋಟದ್ದು. ಕುದಿಯುವ ನೀರಿನಲ್ಲಿ ಅದ್ದಿ, ಬಿಸಿಲಿಗೆ ಒಣಗಿಸಿ, ಅಂಗೈ ಅಗಲಕ್ಕೆ ಕತ್ತರಿಸಿ ಒಂದರ ಮೇಲೊಂದು ಹಾಕಿದೆ. ಹಾಳೆಗಳ ನಡುವೆ ಬೆರಳು ದಪ್ಪದ ಸಂದಿ. ಅಂದಿನಿಂದ ಅದರ ಹಗಲೆಲ್ಲ ಅಲ್ಲೇ. ಬೂಸ್ಟು ಬಂದರೆ ಎಸೆದು ಹೊಸದು ಹಾಕಿದರಾಯಿತು. ಬೆಚ್ಚಗಿನ ಕಡೆ ಹಳೇ ಮನೆ ಕೆಡವಿದಾಗ ಸಿಕ್ಕ ನಾಡಹೆಂಚು ಇಟ್ಟಿದ್ದೇನೆ. ಅರ್ಧ ಕೊಳವೆಯ ಆಕಾರ, ಒಂದು ತುದಿಯನ್ನು ಗೋಡೆಗೆ ಒತ್ತಿಟ್ಟರೆ ಒಂದೇ ಬಾಗಿಲು ಉಳಿಯುತ್ತದೆ. ಹೆಂಚು, ಕಲ್ಲು ಏನೇ ಇಟ್ಟರೂ ಟ್ಯಾಂಕಿನ ತಳದ ಮೇಲೆಯೇ ಕೂರಿಸಿ, ಆಮೇಲೆ ಸುತ್ತ ನೆಲಕ್ಕೆ ಹಾಸುವ ಪುಡಿ ತುಂಬಿ. ಪುಡಿಯ ಮೇಲೆ ಇಟ್ಟರೆ ಹಾವು ಅಡಿಯಲ್ಲಿ ಕೊರೆದಾಗ ಅದರ ಮೇಲೆಯೇ ಕುಸಿಯುತ್ತದೆ.

ದಾವಣಗೆರೆಯಲ್ಲಿ ನನ್ನ ಪರಿಚಯದ ಹುಡುಗನೊಬ್ಬ ಬಾಲ್ ಪೈಥಾನ್ ಮರಿ ಸಾಕಿದ್ದಾನೆ. ಅದು ಊಟ ಮುಟ್ಟುತ್ತಿಲ್ಲ ಅಂತ ಗಾಬರಿಯಾಗಿ ಫೋನ್ ಮಾಡಿದ. ಹೋಗಿ ನೋಡಿದರೆ ದೊಡ್ಡ ಗಾಜಿನ ಟ್ಯಾಂಕು, ಹಾಲ್‌ನ ನಡುವೆ, ಪಕ್ಕದಲ್ಲೇ ಟಿವಿ. ಒಳಗೆ ಒಂದು ದೊಡ್ಡ ಗುಹೆ. "ಅಣ್ಣ, ಇಷ್ಟು ದೊಡ್ಡ ಮನೆ ಕೊಟ್ಟೀನಲ್ಲ, ಇನ್ನೇನು ಬೇಕು ಇದಕ್ಕೆ?" ಅಂದ. ಪ್ರೀತಿಯಿಂದಲೇ ಕೊಟ್ಟಿದ್ದ. "ತಮ್ಮಾ, ಮರಿ ಎಷ್ಟು ಸಣ್ಣದಿದೆ ನೋಡು, ಅದರೊಳಗೆ ನಾಲ್ಕು ಹಾವು ಕೂರಬಹುದು" ಅಂದೆ. ಟ್ಯಾಂಕಿನ ಮೂರು ಬದಿಗೆ ಹೊರಗಿನಿಂದ ಕಪ್ಪು ಕಾಗದ ಹಚ್ಚಿದೆವು. ಒಳಕೋಣೆಗೆ ಸರಿಸಿದೆವು. ಬಾಗಿಲು ಕೊಯ್ಸಿದ ಎರಡು ಮೊಸರು ಕುಡಿಕೆ ಎರಡು ತುದಿಗೆ ಇಟ್ಟು, ನಡುವಿನ ಬಯಲಿಗೆ ಒಣ ಎಲೆ ತುಂಬಿದೆವು. ಒಂದು ವಾರ ಮುಟ್ಟಬೇಡ, ಕುಡಿಕೆ ಎತ್ತಿ ನೋಡಬೇಡ ಅಂತ ಹೇಳಿ ಬಂದೆ. ಆಮೇಲೆ ಸಂಜೆ ಹೊತ್ತು ಕುಡಿಕೆಯ ಬಾಗಿಲಲ್ಲೇ ಇಲಿ ತೋರಿಸಿದಾಗ ಮರಿ ಹಿಡಿಯಿತು. ಫೋನಿನಲ್ಲಿ ಅವನ ಖುಷಿ ಕೇಳಿ ನನಗೂ ನೆಮ್ಮದಿಯಾಯಿತು. ಹಾಗಂತ ಊಟ ಬಿಟ್ಟ ಹಾವುಗಳೆಲ್ಲ ಇದರಿಂದಲೇ ಸರಿಹೋಗುವುದಿಲ್ಲ. ಬೆಳೆದ ಗಂಡು ಬಾಲ್ ಪೈಥಾನ್ ಚಳಿಗಾಲದ ಕೂಡುವ ಕಾಲದಲ್ಲಿ ತಿಂಗಳುಗಟ್ಟಲೆ ಉಪವಾಸ ಇರುವುದುಂಟು. ತೂಕ ಇಳಿಯುತ್ತಿದ್ದರೆ, ಬಾಯಲ್ಲಿ ಲೋಳೆ ಕಂಡರೆ, ಹಾವಿನ ಬಗ್ಗೆ ತಿಳಿದ ಪಶುವೈದ್ಯರಿಗೆ ತೋರಿಸಬೇಕು.

ಅಡಗುತಾಣ ಸರಿಯಿದೆಯಾ ಅಂತ ಹಾವೇ ತೋರಿಸಿಕೊಡುತ್ತದೆ. ಹಗಲು ಒಳಗೆ, ಕತ್ತಲಾದ ಮೇಲೆ ತಲೆ ಹೊರಗೆ, ರಾತ್ರಿ ಓಡಾಟ. ಇದು ಒಳ್ಳೆಯ ಲಕ್ಷಣ. ಯಾವಾಗಲೂ ಬಿಸಿ ಮಡಕೆಯಲ್ಲೇ ಇದ್ದರೆ ಟ್ಯಾಂಕು ತಣ್ಣಗಿದೆ, ಇಲ್ಲವೇ ಇನ್ನೊಂದು ಮಡಕೆ ಹಿಡಿಸಿಲ್ಲ. ನೀರಿನ ಬಟ್ಟಲಲ್ಲೇ ಬಿದ್ದಿದ್ದರೆ ಸೆಕೆ ಜಾಸ್ತಿಯಾಗಿರಬಹುದು, ಅಡಗಲು ಬೇರೆ ಜಾಗ ಸಾಲದಿರಬಹುದು, ಅಥವಾ ಮೈಟ್ ಹತ್ತಿರಬಹುದು. ಮೈಟ್ ಅಂದರೆ ಹುರುಪೆಯ ಸಂದಿಯಲ್ಲಿ ಸೇರಿ ರಕ್ತ ಹೀರುವ, ಸಾಸಿವೆಗಿಂತ ಸಣ್ಣ ಕಪ್ಪು ಹುಳ. ಬಿಳಿ ಬಟ್ಟೆಯಲ್ಲಿ ಹಾವಿನ ಮೈ ಸವರಿದರೆ ಕಾಣುತ್ತದೆ.

ಮೈಟ್ ಬಂದರೆ ಒರಟು ತೊಗಟೆ, ಹಾಳೆ ಎಲ್ಲ ಹೊರಗೆ ಎಸೆದು ಸುಡಿ. ಅವುಗಳ ಸಂದಿಯಲ್ಲಿ ಮೊಟ್ಟೆ ಉಳಿಯುತ್ತದೆ. ಮಡಕೆ, ಹೆಂಚುಗಳನ್ನು ಕುದಿಸಿ ಉಳಿಸಿಕೊಳ್ಳಬಹುದು. ಮಾಮೂಲಿ ದಿನಗಳಲ್ಲೂ ತಿಂಗಳಿಗೊಮ್ಮೆ ನಾನು ಅವನ್ನು ಬ್ರಷ್ಷಿನಲ್ಲಿ ತಿಕ್ಕಿ, ಕುದಿಸಿ, ಪೂರ್ತಿ ಬಿಸಿಲು ಕಾಯಿಸುತ್ತೇನೆ. ಸೋಪು ಹಾಕುವುದಿಲ್ಲ, ಮಣ್ಣು ಅದನ್ನು ಕುಡಿದು ಇಟ್ಟುಕೊಳ್ಳುತ್ತದೆ. ಎರಡೂ ಮಡಕೆ ಒಟ್ಟಿಗೆ ತೆಗೆಯದೆ ಒಂದಾದ ಮೇಲೆ ಒಂದು ತೊಳೆದರೆ ಹಾವಿಗೆ ಹೋಗಲು ಜಾಗ ಇದ್ದೇ ಇರುತ್ತದೆ. ಮರಿ ಸಾಕಿದವರು ಪೊರೆ ಬಿಟ್ಟಾಗಲೆಲ್ಲ ಒಮ್ಮೆ ಅಳತೆ ನೋಡಿ. ಮೈ ಬಾಗಿಲಿನಿಂದ ಹೊರಗೆ ಉಳಿಯಲು ಶುರುವಾದರೆ ಒಂದು ಅಳತೆ ದೊಡ್ಡ ಮಡಕೆಗೆ ಹೇಳುವ ಹೊತ್ತಾಯಿತು. ಕುಂಬಾರರಿಗೆ ಸುಟ್ಟು ಕೊಡಲು ಸಮಯ ಬೇಕು, ಮಳೆಗಾಲದಲ್ಲಂತೂ ಮಡಕೆ ಒಣಗುವುದೇ ನಿಧಾನ. ಅದಕ್ಕೆ ನಾನು ಮುಂದಿನ ಅಳತೆಯ ಜೋಡಿಯನ್ನು ಬೇಸಿಗೆಯಲ್ಲೇ ಮಾಡಿಸಿ ಇಟ್ಟುಕೊಳ್ಳುತ್ತೇನೆ.