ಒಬ್ಬಳೇ ಧಾರವಾಡದಲ್ಲಿ ಮನೆ ಮಾಡಿದ್ದು

ನಾನು ತುಮಕೂರು ಜಿಲ್ಲೆಯವಳು. ಎಂಜಿನಿಯರಿಂಗ್ ಮುಗಿಸಿ ಏಳು ವರ್ಷ ಬೆಂಗಳೂರಿನ ಕಂಪನಿಯೊಂದರಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡಿ, 2023ರ ಆಗಸ್ಟ್‌ನಲ್ಲಿ ಅದೇ ಕೆಲಸವನ್ನು ಇಟ್ಟುಕೊಂಡೇ ಧಾರವಾಡಕ್ಕೆ ಬಂದೆ. ಇಲ್ಲಿ ನನಗೆ ಬಂಧುಬಳಗ ಇರಲಿಲ್ಲ, ಮದುವೆಯೂ ಆಗಿಲ್ಲ. ಅಂದಿನಿಂದ ಇಂಥದೇ ಯೋಚನೆಯಲ್ಲಿರುವ ಗೆಳತಿಯರು ನನ್ನನ್ನು ಕೇಳುತ್ತ ಬಂದಿರುವುದು ಬಾಡಿಗೆ ಎಷ್ಟು, ಇಂಟರ್ನೆಟ್ ಹೇಗೆ, ರಾತ್ರಿ ಓಡಾಡಲು ಭಯವಿಲ್ಲವೇ ಎಂದು. ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ನಾನು ಬರುವ ಮುಂಚೆ ಯಾರೂ ಹೇಳದಿದ್ದ, ಬಂದ ಮೇಲೆ ಕಷ್ಟಪಟ್ಟು ಕಲಿತ ಸಂಗತಿ ಬೇರೆ: ಇಂಥ ಊರಿನ ದಿನಚರಿಯೆಲ್ಲ, ಹಗಲು ಹೊತ್ತು ಮನೆಯಲ್ಲಿ ಯಾರಾದರೊಬ್ಬರು ಇದ್ದೇ ಇರುತ್ತಾರೆ ಎಂಬ ನಂಬಿಕೆಯ ಮೇಲೆ ನಡೆಯುತ್ತದೆ. ಒಬ್ಬರೇ ಇರುವವರ ಮನೆಗೆ ಬೀಗ ಬಿದ್ದಿರುತ್ತದೆ. ಆ ಬೀಗದ ಸಮಸ್ಯೆಯನ್ನು ನಾನು ಹೇಗೆ ಬಿಡಿಸಿಕೊಂಡೆ ಎಂಬುದನ್ನೇ ಇಲ್ಲಿ ಹೆಚ್ಚಾಗಿ ಬರೆಯುತ್ತೇನೆ.

ಮೊದಲು ಕೆಲಸದ ವಿಷಯ. ಮ್ಯಾನೇಜರ್ ಬಾಯಿಮಾತಿನಲ್ಲಿ ಒಪ್ಪಿದ್ದರೂ ನಾನು ಅಷ್ಟಕ್ಕೇ ಹೊರಡಲಿಲ್ಲ. ತಿಂಗಳಿಗೆ ಎರಡು ದಿನ ಬೆಂಗಳೂರಿನ ಕಚೇರಿಗೆ ಬರುತ್ತೇನೆ, ಪ್ರಯಾಣದ ಖರ್ಚು ನನ್ನದು, ಊರು ಬದಲಾದ ಕಾರಣಕ್ಕೆ ಸಂಬಳ ಇಳಿಸುವುದಿಲ್ಲ ಎಂಬ ಮೂರು ಮಾತುಗಳನ್ನು ಇಮೇಲ್‌ನಲ್ಲಿ ಬರೆಸಿಕೊಂಡೆ. ವರ್ಷದೊಳಗೆ ಮ್ಯಾನೇಜರ್ ಬದಲಾದಾಗ ಆ ಇಮೇಲ್ ಕೆಲಸಕ್ಕೆ ಬಂತು. ಎರಡು ದಿನದ ಭೇಟಿಯನ್ನು ನಾನು ತಪ್ಪಿಸುವುದಿಲ್ಲ. ಕಣ್ಣೆದುರಿಗೆ ಇಲ್ಲದವರ ಹೆಸರು ಒಳ್ಳೆಯ ಪ್ರಾಜೆಕ್ಟ್ ಹಂಚುವಾಗ ನೆನಪಾಗುವುದು ಕಡಿಮೆ ಎಂಬುದನ್ನು ಮೊದಲ ಆರು ತಿಂಗಳಲ್ಲೇ ಕಂಡಿದ್ದೇನೆ. ಧಾರವಾಡವನ್ನು ಆರಿಸಿಕೊಂಡದ್ದಕ್ಕೂ ಈ ಓಡಾಟವೇ ಒಂದು ಕಾರಣ. ಬೆಂಗಳೂರಿಗೆ ರಾತ್ರಿ ರೈಲು ಮೊದಲಿನಿಂದಲೂ ಇತ್ತು. 2023ರ ಜೂನ್ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ಆರಂಭವಾದ ಮೇಲೆ ಸುಮಾರು ಆರೂವರೆ ತಾಸಿನಲ್ಲಿ ಹಗಲಲ್ಲೇ ತಲುಪುವ ದಾರಿಯೂ ಆಯಿತು. ಹುಬ್ಬಳ್ಳಿಯಲ್ಲಿ ಸಾಮಾನಿನೊಂದಿಗೆ ರೈಲು ಹತ್ತುವವರು ತಮ್ಮ ಬೋಗಿ ಎಲ್ಲಿ ನಿಲ್ಲುತ್ತದೆಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು. ಅಲ್ಲಿನ ಹೊಸ ಪ್ಲಾಟ್‌ಫಾರ್ಮಿನ ಉದ್ದ 1,507 ಮೀಟರ್, ಒಂದು ತುದಿಯಿಂದ ಇನ್ನೊಂದು ತುದಿಗೆ ಚೀಲ ಹೊತ್ತು ಓಡಲಾಗದು.

ಮನೆ ಹುಡುಕುವ ಮೊದಲು ಜುಲೈ ತಿಂಗಳಲ್ಲಿ ಮೂರು ವಾರ ಸಪ್ತಾಪುರದ ಪಿ.ಜಿ.ಯೊಂದರಲ್ಲಿ ಉಳಿದೆ. ಆ ಭಾಗವೆಲ್ಲ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರದು. ಬೆಳಗಿನ ಐದಕ್ಕೇ ಗ್ರಂಥಾಲಯದ ಕುರ್ಚಿ ಹಿಡಿಯಲು ಹೊರಡುವ ಆ ಮಕ್ಕಳ ನಡುವೆ ನಾನು ದೊಡ್ಡಕ್ಕನಾಗಿದ್ದೆ. ಮಳೆಗಾಲದಲ್ಲಿ ಬಂದದ್ದು ಬೇಕೆಂದೇ. ಮಲೆನಾಡಿನ ಸೆರಗಿನಲ್ಲಿರುವ ಈ ಊರಿನಲ್ಲಿ ಜಿಟಿಜಿಟಿ ಮಳೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಬೇಸಿಗೆಯಲ್ಲಿ ಹೊಸ ಬಣ್ಣದಿಂದ ಹೊಳೆಯುವ ಗೋಡೆ ಜುಲೈನಲ್ಲಿ ತನ್ನ ನಿಜವನ್ನು ಹೇಳುತ್ತದೆ. ಎರೆಮಣ್ಣಿನ ಮೇಲೆ ಕಟ್ಟಿದ ಮನೆಗಳಲ್ಲಿ, ಮಣ್ಣು ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವುದರಿಂದ, ಬಾಗಿಲಿನ ಮೂಲೆಯಿಂದ ಓರೆಯಾಗಿ ಬಿರುಕು ಬಿಟ್ಟಿರುವುದನ್ನೂ ಆಗಲೇ ನೋಡಿದೆ. ಹನ್ನೊಂದು ಮನೆ ನೋಡಿದೆನಾದರೂ ಮೊಬೈಲ್ ಆ್ಯಪ್‌ನಿಂದ ಸಿಕ್ಕಿದ್ದು ಎರಡೇ, ಉಳಿದವೆಲ್ಲ ಗೇಟಿಗೆ ನೇತುಹಾಕಿದ ಫಲಕ ಓದುತ್ತ, ಕಿರಾಣಿ ಅಂಗಡಿಗಳಲ್ಲಿ ವಿಚಾರಿಸುತ್ತ ನಡೆದಾಗ ಸಿಕ್ಕಿದವು.

ಎಲ್ಲ ಮನೆಗಳಲ್ಲೂ ಮೊದಲ ಪ್ರಶ್ನೆ ಒಂದೇ: “ಒಬ್ಬಾಕೀನ ಇರತೀರೇನ್ರಿ?” ಎರಡನೆಯದು ಲಗ್ನದ ಬಗ್ಗೆ. ನಾಲ್ಕು ಮನೆಯವರು ಅಲ್ಲಿಗೇ ಬೇಡವೆಂದರು, ಒಬ್ಬರಂತೂ ಬಾಗಿಲನ್ನೂ ಪೂರ್ತಿ ತೆರೆಯಲಿಲ್ಲ. ಅದು ನೋಯಿಸಿತು, ಈಗಲೂ ಅದು ಸರಿಯೆಂದು ನಾನು ಒಪ್ಪುವುದಿಲ್ಲ. ಆದರೆ ಐದನೆಯ ಮನೆಯಿಂದ ನಾನು ಕ್ರಮ ಬದಲಿಸಿದೆ. ಅವರು ಕೇಳುವ ಮೊದಲೇ ನನ್ನ ಊರು, ಕೆಲಸ, ಮನೆಯಿಂದಲೇ ಕೆಲಸ ಮಾಡುತ್ತೇನೆಂಬುದು, ತಿಂಗಳಿಗೆ ಎರಡು ಮೂರು ದಿನ ಊರಲ್ಲಿ ಇರುವುದಿಲ್ಲವೆಂಬುದು ಎಲ್ಲವನ್ನೂ ಕುಳಿತು ಹೇಳಿದೆ. ತಂದೆಗೆ ಫೋನ್ ಹಚ್ಚಿ ಅವರೊಂದಿಗೆ ಮಾತಾಡಿಸಿದೆ. ಮೂವತ್ತರ ಹೆಣ್ಣುಮಗಳು ತಂದೆಯ ಜಾಮೀನು ಯಾಕೆ ಕೊಡಿಸಬೇಕು ಎಂದು ಗೆಳತಿಯೊಬ್ಬಳು ಕೋಪಿಸಿಕೊಂಡಳು. ಅವಳ ಮಾತಿನಲ್ಲಿ ನ್ಯಾಯವಿದೆ. ಆದರೆ ನನಗೆ ಮನೆ ಬೇಕಿತ್ತು, ಮತ್ತು ಆ ಹತ್ತು ನಿಮಿಷದ ಮಾತಿನಿಂದ ಮಾಲೀಕರಿಗೂ ತಂದೆಗೂ ಇಬ್ಬರಿಗೂ ನೆಮ್ಮದಿಯಾದದ್ದನ್ನು ಕಂಡೆ. ಮಾಳಮಡ್ಡಿಯ ಓಣಿಯೊಂದರಲ್ಲಿ ಮೇಲ್ಮಹಡಿಯ ಎರಡು ಕೋಣೆಯ ಮನೆ ಸಿಕ್ಕಿತು. ಬೆಂಗಳೂರಿನಲ್ಲಿ 21,000 ರೂಪಾಯಿ ಬಾಡಿಗೆ, ಒಂದೂವರೆ ಲಕ್ಷ ಠೇವಣಿ ಕೊಟ್ಟಿದ್ದೆ. ಇಲ್ಲಿ ಬಾಡಿಗೆ 9,500, ಠೇವಣಿ 60,000. ಹನ್ನೊಂದು ತಿಂಗಳ ಕರಾರುಪತ್ರ. ಮಾಲೀಕರು ಬೇರೆ ಊರಿನಲ್ಲಿದ್ದಾರೆ. ಕೆಳಗಿನ ಮನೆಯಲ್ಲಿ ನಿವೃತ್ತ ಸರ್ಕಾರಿ ನೌಕರರೊಬ್ಬರು ತಮ್ಮ ಹೆಂಡತಿಯೊಂದಿಗೆ ಬಾಡಿಗೆಗಿದ್ದಾರೆ. ಅವರನ್ನು ನಾನು ಕಾಕಾ, ಕಾಕು ಎನ್ನುತ್ತೇನೆ.

ಸಾಮಾನು ಸಾಗಿಸಿದ್ದು ಮತ್ತು ಕಾಗದಪತ್ರ ಬದಲಿಸಿದ್ದು ಅಂಥ ಕಷ್ಟವಾಗಲಿಲ್ಲ. ಅಡುಗೆ ಅನಿಲದ ಸಿಲಿಂಡರ್, ರೆಗ್ಯುಲೇಟರ್ ಬೆಂಗಳೂರಿನಲ್ಲೇ ಹಿಂದಿರುಗಿಸಿ, ಠೇವಣಿ ಹಣ ವಾಪಸು ಪಡೆದು, ಅವರು ಕೊಟ್ಟ ಚೀಟಿ ತೋರಿಸಿ ಇಲ್ಲಿ ಸಂಪರ್ಕ ಪಡೆದೆ. ಸ್ಕೂಟರನ್ನು ಪೆಟ್ರೋಲ್ ಪೂರ್ತಿ ತೆಗೆಸಿ ರೈಲಿನ ಪಾರ್ಸೆಲ್‌ನಲ್ಲಿ ಹುಬ್ಬಳ್ಳಿಗೆ ಕಳಿಸಿದೆ. ಮತದಾರರ ಪಟ್ಟಿಯ ವಿಳಾಸ ಬದಲಾವಣೆಗೆ ನಮೂನೆ 8 ತುಂಬಿದೆ.

ಇನ್ನು ನೀರು. ಧಾರವಾಡಕ್ಕೂ ಹುಬ್ಬಳ್ಳಿಗೂ ಕುಡಿಯುವ ನೀರಿನ ದೊಡ್ಡ ಪಾಲು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ ಬರುತ್ತದೆ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಇಪ್ಪತ್ನಾಲ್ಕು ತಾಸೂ ನೀರು ಕೊಡುವ ಪ್ರಯೋಗ ಆರಂಭವಾಗಿತ್ತು. ಉಳಿದ ಕಡೆ ಹಲವು ದಿನಕ್ಕೊಮ್ಮೆ ನೀರು. ನಾನು ಬಂದಾಗ ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ, ಎರಡು ಮೂರು ತಾಸು ಬರುತ್ತಿತ್ತು. ಮನೆ ನೋಡುವಾಗ ಬಾಡಿಗೆ, ಗೋಡೆ, ಗಾಳಿ ಎಲ್ಲ ವಿಚಾರಿಸಿದ್ದ ನಾನು ಇದೊಂದನ್ನು ಕೇಳಿರಲಿಲ್ಲ. ಮೊದಲ ತಿಂಗಳು ನಾನು ಬೆಂಗಳೂರಿಗೆ ಹೋದ ದಿನವೇ ನೀರು ಬಂದು ಹೋಗಿತ್ತು. ನನ್ನ ಪಾಲಿನ ಟಾಕಿಯ, ಎಂದರೆ ನೀರಿನ ತೊಟ್ಟಿಯ, ನಳ ಮುಚ್ಚಿತ್ತು. ಮರಳಿ ಬಂದು, ಮುಂದಿನ ಸರದಿಯವರೆಗೆ ಕೊಡಗಳಲ್ಲಿ ಉಳಿದಿದ್ದ ನೀರನ್ನು ಅಳೆದು ಅಳೆದು ಬಳಸಿ, ಕೊನೆಗೆ 600 ರೂಪಾಯಿ ಕೊಟ್ಟು ಟ್ಯಾಂಕರ್ ತರಿಸಿದೆ. ಒಬ್ಬಳಿಗೆ ಅಷ್ಟು ನೀರು ಬೇಕಿರಲಿಲ್ಲ. ಆದರೆ ಅರ್ಧ ಟ್ಯಾಂಕರ್ ತರುವವರು ಯಾರೂ ಇಲ್ಲ.

ಆ ಟ್ಯಾಂಕರ್ ನೋಡಿ ಕಾಕು ಮೇಲೆ ಬಂದರು. “ನಮಗ ಒಂದ ಮಾತು ಹೇಳಿ ಹೋಗಬಾರದೇನ ಯವ್ವಾ, ನಾವೇನ್ ದೂರದಾವ್ರೇನು?” ಎಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. ಯಾರಿಗೂ ತೊಂದರೆ ಕೊಡಬಾರದು ಎಂದು ನಾನು ಬೆಂಗಳೂರಿನಲ್ಲಿ ರೂಢಿಸಿಕೊಂಡ ನಡತೆ ಇಲ್ಲಿ ಅವರನ್ನು ಹೊರಗಿನವರಂತೆ ಕಂಡ ಹಾಗಾಗಿತ್ತು. ಅಂದೇ ಟಾಕಿಯ ಕೀಲಿಯ ಇನ್ನೊಂದು ಪ್ರತಿ ಮಾಡಿಸಿ ಅವರಿಗೆ ಕೊಟ್ಟೆ.

ಮುಂದಿನ ವಾರ ನಸುಕಿನ ಮೂರೂವರೆಗೆ ಕಾಕಾ ಕೆಳಗಿನಿಂದ ಗೇಟಿನ ಚಿಲಕ ಬಡಿದು ಕೂಗಿದರು: “ತಂಗಿ, ಏಳವಾ, ನೀರು ಬಂದಾವ.” ಈ ಕಡೆ ನೀರನ್ನು ಬಹುವಚನದಲ್ಲಿ ಹೇಳುತ್ತಾರೆಂದು ನಾನು ಆಗ ಮೊದಲು ಕಿವಿಗೊಟ್ಟು ಕೇಳಿದ್ದು. ಓಣಿಯ ಎಲ್ಲ ಮನೆಗಳಲ್ಲೂ ದೀಪ ಹತ್ತಿದ್ದವು. ನಳ ತಿರುಗಿಸಿದರೆ ಮೊದಲು ಬರೀ ಗಾಳಿ ಸುಯ್ಯೆಂದಿತು. ಆಮೇಲೆ ಕೆಂಪನೆಯ ನೀರು ಕೆಮ್ಮಿ ಕೆಮ್ಮಿ ಬಂತು. ಅದನ್ನು ಐದು ನಿಮಿಷ ಗಿಡಗಳಿಗೆ ಬಿಡಬೇಕು, ಬೊಗಸೆಯಲ್ಲಿ ಹಿಡಿದಾಗ ಅಂಗೈಯ ಗೆರೆ ಸ್ಪಷ್ಟವಾಗಿ ಕಂಡ ಮೇಲೆಯೇ ಟಾಕಿಗೆ ತಿರುಗಿಸಬೇಕು, ಕುಡಿಯುವ ಕೊಡಗಳನ್ನು ಮಧ್ಯದ ತಾಸಿನಲ್ಲಿ ತುಂಬಬೇಕು, ಮೇಲಿನ ಟ್ಯಾಂಕಿಗೆ ಮೋಟಾರ್ ಹಚ್ಚುವುದು ಕಡೆಗೆ ಎಂದು ಕಾಕು ತೋರಿಸಿಕೊಟ್ಟರು. ಎಲ್ಲ ಮುಗಿಯುವಾಗ ಬೆಳಗಾಗಿತ್ತು. ಮೆಟ್ಟಿಲ ಮೇಲೆ ಕುಳಿತು ಚಹಾ ಕುಡಿಯುವಾಗ ಎದುರು ಮನೆಯವರು, ಪಕ್ಕದವರು, ನಾನು ಎರಡು ತಿಂಗಳಲ್ಲಿ ಮುಖ ಎತ್ತಿ ನೋಡದಿದ್ದವರೆಲ್ಲ ಹೆಸರು, ಊರು ಕೇಳಿ ಪರಿಚಯವಾದರು. ನೀರು ಬಿಡುವವರ ಫೋನ್ ನಂಬರ್ ಓಣಿಯಲ್ಲಿ ಯಾರ ಬಳಿ ಇದೆ, ಪೈಪ್ ಒಡೆದರೆ ಎಷ್ಟು ದಿನ ತಡವಾಗುತ್ತದೆ ಎಂಬುದೆಲ್ಲ ತಿಳಿದದ್ದೂ ಆ ಬೆಳಿಗ್ಗೆಯೇ. ಇಂದು ಮನೆ ಹುಡುಕುವವರಿಗೆ ನಾನು ಹೇಳುವ ಮೊದಲ ಮಾತು: ಮನೆ ನೋಡುವ ಮುಂಚೆ ಆ ಓಣಿಯ ನಾಲ್ಕು ಮನೆಗಳಲ್ಲಿ ನೀರಿನ ದಿನ ಕೇಳಿರಿ, ಟಾಕಿ ಎಷ್ಟು ಲೀಟರಿನದು ಎಂದು ಮುಚ್ಚಳ ತೆಗೆಸಿ ನೋಡಿರಿ.

ಕೊಡುವುದೂ ಇರಬೇಕು, ಬರೀ ಪಡೆಯುತ್ತ ಹೋದರೆ ನಮಗೇ ಸಂಕೋಚವಾಗುತ್ತದೆ. ನವೆಂಬರ್‌ನಲ್ಲಿ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಸಲ್ಲಿಸಬೇಕಾದಾಗ, ಕಾಕಾ ಪ್ರತಿ ವರ್ಷ ಬ್ಯಾಂಕಿನ ಸರದಿಯಲ್ಲಿ ನಿಲ್ಲುತ್ತಿದ್ದರಂತೆ. ಮೊಬೈಲಿನಲ್ಲಿ ಮುಖ ತೋರಿಸಿ ಆಧಾರ್ ಮೂಲಕ ಅದನ್ನು ಮನೆಯಲ್ಲೇ ಮುಗಿಸಬಹುದು. ಅದನ್ನು ಮಾಡಿಕೊಟ್ಟೆ. ಮರುದಿನ ಅವರ ಇಬ್ಬರು ಸ್ನೇಹಿತರು ಬಂದರು, ಆ ವಾರದೊಳಗೆ ಒಟ್ಟು ಒಂಬತ್ತು ಮಂದಿ. ಮೆಟ್ಟಿಲ ಬಳಿಯ ಬೆಳಕಿನಲ್ಲಿ ಅವರನ್ನು ಒಬ್ಬೊಬ್ಬರಾಗಿ ಕೂರಿಸಿ, ಕಣ್ಣು ಮಿಟುಕಿಸಿ ಎಂದು ಹೇಳುತ್ತ ಕಳೆದ ಆ ಮಧ್ಯಾಹ್ನಗಳು ನನಗೆ ಬಹಳ ಪ್ರಿಯ.

ಊಟಕ್ಕೆ ತಿಂಗಳ ಲೆಕ್ಕದಲ್ಲಿ ಮಧ್ಯಾಹ್ನದ ಡಬ್ಬಿ ಹಚ್ಚಿದ್ದೇನೆ: ಎರಡು ರೊಟ್ಟಿ, ಕಾಳಿನ ಪಲ್ಯ, ಅನ್ನ, ಸಾರು. ರಾತ್ರಿ ನಾನೇ ಏನಾದರೂ ಮಾಡಿಕೊಳ್ಳುತ್ತೇನೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಮನೆಯಲ್ಲಿದ್ದರೆ ಕೆಲಸ ತಡವಾದ ದಿನ ಒಲೆ ಹಚ್ಚದೆಯೂ ತೃಪ್ತಿಯಾಗಿ ಉಣ್ಣಬಹುದು. ಮಳೆಗಾಲದಲ್ಲಿ ಕರೆಂಟು ಹೋಗುವುದಕ್ಕಾಗಿ ಇನ್ವರ್ಟರ್ ಕೊಂಡೆ, ಎರಡು ಕಂಪನಿಗಳ ಇಂಟರ್ನೆಟ್ ಇಟ್ಟುಕೊಂಡೆ. ಈ ಖರ್ಚು, ಬೆಂಗಳೂರಿನ ಓಡಾಟ ಎಲ್ಲ ಸೇರಿ ಮೊದಲ ಮೂರು ತಿಂಗಳು ಏನೂ ಉಳಿಯಲಿಲ್ಲ. ಆಮೇಲೆ ತಿಂಗಳಿಗೆ ಏಳೆಂಟು ಸಾವಿರ ಉಳಿಯತೊಡಗಿತು. ಬಾಡಿಗೆಯ ಅಂತರವನ್ನೇ ಉಳಿತಾಯವೆಂದು ಎಣಿಸಿಕೊಂಡು ಬರುವವರು ಇದನ್ನು ಗಮನಿಸಬೇಕು.

ಸಂಜೆಗಳು ಕಷ್ಟವಾಗಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಒಂಟಿಯಾಗಿ ಇರುವವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು. ನನ್ನ ವಯಸ್ಸಿನವರು ಸಂಸಾರಸ್ಥರು, ಆರಕ್ಕೆ ಮಕ್ಕಳ ಟ್ಯೂಷನ್, ಎಂಟಕ್ಕೆ ಮನೆ. ಗೆಳೆಯರು ಹುಬ್ಬಳ್ಳಿಯಲ್ಲಿ ಸಿಕ್ಕಿದರು, ಹೆಚ್ಚಿನವರು ನನ್ನಂತೆ ಕಂಪ್ಯೂಟರ್ ಕೆಲಸದವರು. ಸುಮಾರು ಇಪ್ಪತ್ತು ಕಿಲೋಮೀಟರ್ ದೂರವನ್ನು ಚಿಗರಿ ಬಸ್ಸು ತನ್ನದೇ ಪ್ರತ್ಯೇಕ ದಾರಿಯಲ್ಲಿ ಕರೆದೊಯ್ಯುವುದರಿಂದ ಶುಕ್ರವಾರ ಕೆಲಸ ಮುಗಿಸಿ ವಿದ್ಯಾನಗರಕ್ಕೆ ಹೋಗಿ ಊಟ ಮಾಡಿ ಬರುವುದು ನನಗೆ ಬೆಂಗಳೂರಿನಲ್ಲಿ ಪಕ್ಕದ ಬಡಾವಣೆಗೆ ಹೋಗಿ ಬಂದುದಕ್ಕಿಂತ ಸುಲಭ. ಧಾರವಾಡದಲ್ಲೇ ಇರುವ ಸಂಜೆ, 1890ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿದ್ಯಾವರ್ಧಕ ಸಂಘದ ಸಭಾಂಗಣಕ್ಕೆ ಹೋಗುತ್ತೇನೆ. ಅಲ್ಲಿ ಭಾಷಣ, ಪುಸ್ತಕ ಬಿಡುಗಡೆ, ಏನಾದರೊಂದು ನಡೆಯುತ್ತಲೇ ಇರುತ್ತದೆ. ಒಬ್ಬಳೇ ಬಂದು ಹಿಂದಿನ ಸಾಲಿನಲ್ಲಿ ಕೂತರೆ ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ನಾಲ್ಕನೆಯ ಸಲ ಹೋದಾಗ ಹಿರಿಯರೊಬ್ಬರು ಪಕ್ಕದ ಕುರ್ಚಿ ತೋರಿಸಿ “ಬರ್ರಿ, ಮುಂದ ಕುಂದರ್ರಿ” ಎಂದರು. ಅಂದಿನಿಂದ ಮುಂದೆಯೇ ಕೂರುತ್ತೇನೆ.

ಬರುವ ತಿಂಗಳು ಕಾಕಾ, ಕಾಕು ಮಗಳ ಬಾಣಂತನಕ್ಕೆಂದು ಪುಣೆಗೆ ಹೊರಟಿದ್ದಾರೆ, ನಲವತ್ತು ದಿನ. ಅವರ ಟಾಕಿಯ ಕೀಲಿ ಈಗಾಗಲೇ ನನ್ನ ಬಳಿ ಇದೆ. ನೀರು ಬರುವ ದಿನ ನೋಡಿಕೊಂಡು ಬೆಂಗಳೂರಿನ ರೈಲಿಗೆ ಟಿಕೆಟ್ ಕಾಯ್ದಿರಿಸಿದ್ದೇನೆ, ಎರಡೂ ಮನೆಯ ಕೊಡ ತುಂಬಿಸಿದ ಮರುದಿನಕ್ಕೆ.